‘ರೆಬೆಕ್ಕಾ’ ಪ್ರೇಮಕಥೆನಾ? ಮ್ಯಾಕ್ಸಿಮ್ ಬಚಾವಾಗಿದ್ದು ಸರಿನಾ?

ಸಂಪಿಗೆಮರ:
ಡಾಫ್ನೆ ಡು ಮೊರಿಯೆ ಬರೆದ ‘ರೆಬೆಕ್ಕಾ’ ಮೊನ್ನೆ ಮುಗಿಸಿದೆ. 1938ರ ಇಂಗ್ಲಿಷ್ ಕಾದಂಬರಿ. ಓದದವರಿಗಾಗಿ ಕಥೆ ಚುಟುಕಾಗಿ ಹೇಳುತ್ತೇನೆ. ಕೊನೆಯ ಗುಟ್ಟೂ ಇದರಲ್ಲಿದೆ, ಬೇಡದವರು ಮುಂದೆ ಓದಬೇಡಿ.

ಮಾಂಟೆ ಕಾರ್ಲೋದಲ್ಲಿ ಒಬ್ಬ ಶ್ರೀಮಂತ ಹೆಂಗಸಿನ ಹತ್ತಿರ ಸಂಬಳಕ್ಕೆ ಜೊತೆಗಾತಿಯಾಗಿರುವ ಬಡ ಹುಡುಗಿ. ಕಥೆ ಹೇಳುವವಳು ಅವಳೇ, ಆದರೆ ಅವಳ ಹೆಸರು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಹೆಂಡತಿ ಸತ್ತ ಮ್ಯಾಕ್ಸಿಮ್ ಡಿ ವಿಂಟರ್ ಅವಳನ್ನು ಮದುವೆಯಾಗಿ ಸಮುದ್ರದ ಪಕ್ಕದ ತನ್ನ ದೊಡ್ಡ ಬಂಗಲೆ ಮ್ಯಾಂಡರ್ಲಿಗೆ ಕರೆದುಕೊಂಡು ಬರುತ್ತಾನೆ. ಅಲ್ಲಿ ಎಲ್ಲಿ ನೋಡಿದರೂ ಮೊದಲ ಹೆಂಡತಿ ರೆಬೆಕ್ಕಾಳದ್ದೇ ಗುರುತು. ಮನೆ ನೋಡಿಕೊಳ್ಳುವ ಡ್ಯಾನ್ವರ್ಸ್ ಎಂಬಾಕೆ ಹೊಸಬಳನ್ನು ದಿನಾ ಚುಚ್ಚುತ್ತಾಳೆ. ಗಂಡ ಇನ್ನೂ ರೆಬೆಕ್ಕಾಳನ್ನೇ ಪ್ರೀತಿಸುತ್ತಿದ್ದಾನೆ ಅಂತ ಹುಡುಗಿ ಒಳಗೊಳಗೇ ಬೇಯುತ್ತಾಳೆ. ಆಮೇಲೆ ಮುಳುಗಿದ ದೋಣಿ ಸಿಗುತ್ತದೆ, ಅದರೊಳಗೆ ರೆಬೆಕ್ಕಾಳ ಹೆಣ. ಆಗ ಮ್ಯಾಕ್ಸಿಮ್ ಬಾಯಿ ಬಿಡುತ್ತಾನೆ: ಗುಂಡು ಹೊಡೆದು ಕೊಂದದ್ದು ನಾನೇ, ಅವಳನ್ನು ಕಂಡರೆ ನನಗೆ ಆಗುತ್ತಲೇ ಇರಲಿಲ್ಲ. ವಿಚಾರಣೆಯಲ್ಲಿ ಆತ್ಮಹತ್ಯೆ ಅಂತ ತೀರ್ಮಾನವಾಗುತ್ತದೆ. ಅವನು ಬಚಾವ್. ಮ್ಯಾಂಡರ್ಲಿ ಮಾತ್ರ ಸುಟ್ಟುಹೋಗುತ್ತದೆ.

ನನ್ನ ತಕರಾರು ಇಷ್ಟೇ. ಕೊಲೆ ಒಪ್ಪಿಕೊಂಡ ಮೇಲೂ ನಾನು ಪುಟ ತಿರುಗಿಸಿದ್ದು ‘ಇವನು ಸಿಕ್ಕಿಬೀಳದಿರಲಿ’ ಅಂತ. ಪುಸ್ತಕ ಮುಚ್ಚಿಟ್ಟ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಇದನ್ನು ಪ್ರೇಮಕಥೆ ಅಂತ ಜನ ಹೇಗೆ ಕರೆಯುತ್ತಾರೆ?

ಅರ್ಧ_ಓದಿದವ:
ನಾನು ಇನ್ನೂ ವೇಷದ ಪಾರ್ಟಿಯ ಹತ್ತಿರ ಇದ್ದೇನೆ. ತುಂಬಾ ಥ್ಯಾಂಕ್ಸ್ ಮೇಡಂ. ಉಳಿದ ಪುಟ ಓದುವ ಕಷ್ಟ ತಪ್ಪಿಸಿದಿರಿ.

ಸಂಪಿಗೆಮರ:
ಬೇಡದವರು ಮುಂದೆ ಓದಬೇಡಿ ಅಂತ ಮೊದಲೇ ಬರೆದಿದ್ದೇನಲ್ಲ ಸರ್.

ಅರ್ಧ_ಓದಿದವ:
ಗುಟ್ಟು ಇದೆ ಅಂತ ಹೇಳಿ ಓದಬೇಡಿ ಅಂದರೆ ಯಾರು ಬಿಡುತ್ತಾರೆ?

ಕೊಡೆ_ಮರೆತವ:
1938ರ ಪುಸ್ತಕ ಮಾರಾಯ್ರೆ. ಆ ಗುಟ್ಟಿಗೆ ಪಿಂಚಣಿ ಶುರುವಾಗಿಯೇ ಕಾಲವಾಯಿತು.

ರಾತ್ರಿ_ಬಸ್ಸು:
‘ಸಿಕ್ಕಿಬೀಳದಿರಲಿ’ ಅಂತ ಹಾರೈಸಿದೆ ಅಂತ ನೀವೇ ಹೇಳಿದಿರಿ. ಪ್ರೇಮಕಥೆ ಮಾಡುವ ಕೆಲಸವೇ ಅದು! ಆ ಹುಡುಗಿ ಮೊದಲಿಗೆ ಹೇಗಿದ್ದಳು ನೋಡಿ. ಪಿಂಗಾಣಿ ಬೊಂಬೆ ಒಡೆದರೆ ಚೂರುಗಳನ್ನು ಖಾನೆಯಲ್ಲಿ ಬಚ್ಚಿಡುತ್ತಾಳೆ. ಆ ಮನೆಯ ಯಜಮಾನಿ ತಾನೇ ಅನ್ನುವುದು ಅವಳಿಗೆ ನೆನಪಿಲ್ಲ. ಗಂಡ ನಿಜ ಹೇಳಿದ ಮೇಲೆ ಅವಳು ಬೆಳೆಯುತ್ತಾಳೆ. ಅದೇ ಡ್ಯಾನ್ವರ್ಸ್‌ಗೆ ಊಟದ ಪಟ್ಟಿ ಬದಲಿಸು ಅಂತ ಮುಖಕ್ಕೆ ಹೇಳುತ್ತಾಳೆ. ಪ್ರೀತಿ ಇಲ್ಲದೆ ಇಷ್ಟು ಧೈರ್ಯ ಬರುತ್ತಾ?

ಮಂಜಿನಹನಿ:
‘ಬೆಳೆಯುತ್ತಾಳೆ’ ಅಂತೆ! ಕೊಲೆಯ ಸುದ್ದಿ ಕೇಳಿ ಬೆಳೆಯುವವರನ್ನು ಇವತ್ತೇ ಕೇಳಿದ್ದು. ಗಂಡ ‘ಕೊಂದೆ’ ಅಂದಾಗ ಅವಳ ತಲೆಯಲ್ಲಿ ಓಡುವುದು ಒಂದೇ, ಇವನು ರೆಬೆಕ್ಕಾಳನ್ನು ಪ್ರೀತಿಸಿರಲೇ ಇಲ್ಲ ಅಂತ. ಸತ್ತವಳಿಗೆ ಒಂದು ನಿಟ್ಟುಸಿರೂ ಇಲ್ಲ. ಇನ್ನು ಅವನ ಪ್ರೀತಿಯ ಚೆಂದ ನೋಡಿ. ಮದುವೆಯಾಗು ಅಂತ ಕೇಳುವುದು ತಿಂಡಿ ಮೇಜಿನ ಮುಂದೆ, ಮಾರ್ಮಲೇಡ್ ತಿನ್ನುತ್ತ. ಮನೆಗೆ ಬಂದ ಮೇಲೆ ಜಾಸ್ಪರ್ ನಾಯಿಯ ತಲೆ ಸವರಿದ ಹಾಗೇ ಇವಳ ತಲೆ ಸವರುತ್ತಾನೆ. ಹಾಗಂತ ನಾನಲ್ಲ, ಅವಳೇ ಹೇಳಿಕೊಳ್ಳುತ್ತಾಳೆ.

ರಾತ್ರಿ_ಬಸ್ಸು:
ಮಾರ್ಮಲೇಡ್ ತಿನ್ನುತ್ತ ಕೇಳಿದರೆ ಪ್ರೀತಿ ಅಲ್ವಾ? ನಮ್ಮ ಯಜಮಾನರು ಕೇಳಲೂ ಇಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ‘ಆಗಬಹುದು’ ಅಂತ ಅವರಪ್ಪನಿಗೆ ಹೇಳಿ ಹೊರಟುಹೋದರು. ಚೆನ್ನಾಗಿಯೇ ಬಾಳುತ್ತಿದ್ದೇವೆ.

ಮಂಜಿನಹನಿ:
ನಿಮ್ಮ ಯಜಮಾನರು ಮೊದಲ ಹೆಂಡತಿಯನ್ನು ದೋಣಿ ಸಮೇತ ಮುಳುಗಿಸಿ ಬಂದಿರಲಿಲ್ಲವಲ್ಲ ಅಕ್ಕ.

ಕಪ್ಪುಕೋಟು:
ಎಲ್ಲರೂ ‘ಪ್ರೀತಿ’ ಹಿಡಿದು ಜಗ್ಗಾಡುತ್ತಿದ್ದೀರಿ. ಕೃತ್ಯ ನೋಡಿ. ರೆಬೆಕ್ಕಾ ಸಮುದ್ರದ ದಡದ ಕುಟೀರದಲ್ಲಿದ್ದಾಳೆ, ಜೊತೆಗೆ ಅವಳ ಸೋದರಸಂಬಂಧಿ ಫಾವೆಲ್ ಇರುತ್ತಾನೆ ಅಂದುಕೊಂಡು ಮ್ಯಾಕ್ಸಿಮ್ ಹೋಗುತ್ತಾನೆ. ಕೈಯಲ್ಲಿ ಬಂದೂಕು. ಹೆದರಿಸಲು ಒಯ್ದೆ ಅಂತ ಹೇಳುವವನೂ ಅವನೇ. ಹೊಡೆದ ಮೇಲೆ ಏನು ಮಾಡಿದ? ಸಮುದ್ರದಿಂದ ನೀರು ಹೊತ್ತು ತಂದು ನೆಲ ತೊಳೆದ. ಹೆಣವನ್ನು ದೋಣಿಯ ಕ್ಯಾಬಿನ್‌ನಲ್ಲಿ ಹಾಕಿದ. ದೋಣಿಯನ್ನು ನೀರಿಗೆ ಒಯ್ದು ತಳದಲ್ಲಿ ತೂತು ಹೊಡೆದ. ಇದು ತಲೆ ಕೆಟ್ಟವನ ಕೆಲಸ ಅಲ್ಲ, ತಲೆ ಚೆನ್ನಾಗಿ ಓಡುವವನ ಕೆಲಸ. ಆ ಕಾಲದ ಇಂಗ್ಲೆಂಡಿನಲ್ಲಿ ಕೊಲೆಗೆ ನೇಣು. ಅಷ್ಟೇ ಕಥೆ.

ರಾತ್ರಿ_ಬಸ್ಸು:
‘ಹೆದರಿಸಲು ಒಯ್ದೆ’ ಅಂತ ಅವನೇ ಹೇಳಿದ್ದಾನಲ್ಲ. ಹಾಗಾದರೆ ಕೊಲ್ಲುವ ಉದ್ದೇಶ ಇರಲಿಲ್ಲ. ಮುಗಿಯಿತು.

ಕಪ್ಪುಕೋಟು:
ಆರೋಪಿ ಹೇಳಿದ್ದಕ್ಕೆ ಮುಗಿಯುವುದಾದರೆ ನಾವೆಲ್ಲ ಕೋರ್ಟಿಗೆ ಬೀಗ ಹಾಕಿ ಮನೆಗೆ ಹೋಗಬಹುದು.

ರಾತ್ರಿ_ಬಸ್ಸು:
ಕೆರಳಿಸಿದವಳು ಅವಳು ಸರ್! ನನಗೆ ಮಗುವಾದರೆ ಅದು ನಿನ್ನದಲ್ಲ ಅಂತ ಸಾಬೀತು ಮಾಡಲು ಯಾರಿಂದಲೂ ಆಗದು, ಅದೇ ಮುಂದೆ ಮ್ಯಾಂಡರ್ಲಿಗೆ ವಾರಸುದಾರ ಅನ್ನುವ ಅರ್ಥದಲ್ಲಿ ಕುಟುಕುತ್ತಾಳೆ. ನಗುತ್ತಾಳೆ ಬೇರೆ. ಕೊನೆಗೆ ಲಂಡನ್ ಡಾಕ್ಟರು ಏನು ಹೇಳಿದರು? ಅವಳಿಗೆ ಕ್ಯಾನ್ಸರ್, ಮಗುವಂತೂ ಆಗುವ ಹಾಗೇ ಇರಲಿಲ್ಲ. ಸಾಯಬೇಕು ಅಂತಲೇ ಅವನ ಕೈಯಲ್ಲಿ ಗುಂಡು ಹೊಡೆಸಿಕೊಂಡಳು. ಮ್ಯಾಕ್ಸಿಮ್‌ಗೂ ಹಾಗೇ ಅನ್ನಿಸುತ್ತದೆ.

ಮಂಜಿನಹನಿ:
‘ಮ್ಯಾಕ್ಸಿಮ್‌ಗೂ ಹಾಗೇ ಅನ್ನಿಸುತ್ತದೆ’. ಅನ್ನಿಸದೆ ಇರುತ್ತಾ? ಕೊಂದವನಿಗೆ ಇದಕ್ಕಿಂತ ಅನುಕೂಲದ ಅನ್ನಿಸಿಕೆ ಬೇರೆ ಯಾವುದಿದೆ?

ಮೊದಲ_ಶೋ:
ಸ್ವಲ್ಪ ಸಿನಿಮಾ ಕಡೆಯಿಂದ. 1940ರಲ್ಲಿ ಹಿಚ್‌ಕಾಕ್ ಇದನ್ನು ತೆಗೆದಾಗ ಕೊಲೆಯನ್ನೇ ತೆಗೆದುಹಾಕಿದರು. ರೆಬೆಕ್ಕಾ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಯಾಕೆಂದರೆ ಆಗ ಹಾಲಿವುಡ್ಡಿನ ಸೆನ್ಸಾರ್ ನಿಯಮದ ಪ್ರಕಾರ ಹೆಂಡತಿಯನ್ನು ಕೊಂದವನು ಶಿಕ್ಷೆ ಇಲ್ಲದೆ ಹೊಸ ಹೆಂಡತಿ ಜೊತೆ ಸುಖವಾಗಿರುವಂತಿಲ್ಲ. ಆ ಸಿನಿಮಾಗೇ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಅಂದರೆ ಕೊಲೆ ಇಲ್ಲದೆಯೂ ಕಥೆ ನಿಲ್ಲುತ್ತದೆ. ನಮ್ಮ ಹಿಂದಿಯಲ್ಲಿ 1964ರ ‘ಕೊಹ್ರಾ’ ಇದೇ ಕಥೆ. ವಹೀದಾ ರೆಹಮಾನ್, ಬಿಸ್ವಜೀತ್. ಡ್ಯಾನ್ವರ್ಸ್ ಜಾಗದಲ್ಲಿ ಲಲಿತಾ ಪವಾರ್. ಆ ಕಣ್ಣು ನೋಡಿದರೆ ಊಟ ಸೇರುವುದಿಲ್ಲ.

ಇನ್ನು ಹಠಾತ್ ಸಿಟ್ಟಿನ ಬಗ್ಗೆ ವಕೀಲರು ಅಷ್ಟು ಗಟ್ಟಿಯಾಗಿ ಹೇಳಬೇಕಿಲ್ಲ. ನಮ್ಮಲ್ಲೇ ನಾನಾವತಿ ಕೇಸ್ ಆಗಿದೆ. ನೌಕಾಪಡೆಯ ಅಧಿಕಾರಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪು, ಅವನನ್ನು ಬಿಟ್ಟುಕಳಿಸಿತು. ಭಾರತದ ಕೊನೇ ಜ್ಯೂರಿ ವಿಚಾರಣೆ ಅದು. ಮ್ಯಾಕ್ಸಿಮ್‌ನನ್ನೂ ಯಾವ ಜ್ಯೂರಿಯಾದರೂ ಬಿಡುತ್ತಿತ್ತು.

ಕಪ್ಪುಕೋಟು:
ಕೊನೇ ಜ್ಯೂರಿ ವಿಚಾರಣೆ ಅಲ್ಲ. ಈ ಸುಳ್ಳು ಎಷ್ಟು ವರ್ಷದಿಂದ ಓಡುತ್ತಿದೆಯೋ.

ಮೊದಲ_ಶೋ:
ಎಲ್ಲ ಪೇಪರುಗಳಲ್ಲೂ ಹಾಗೇ ಬರೆದಿದ್ದಾರೆ.

ಕಪ್ಪುಕೋಟು:
ಪೇಪರಿನಲ್ಲಿ ರಾಶಿಫಲವನ್ನೂ ಬರೆಯುತ್ತಾರೆ. ಜ್ಯೂರಿಯನ್ನು ಪೂರ್ತಿ ಕೈಬಿಟ್ಟಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. ನಾನಾವತಿ ಗುಂಡು ಹೊಡೆದಿದ್ದು 1959ರ ಏಪ್ರಿಲ್‌ನಲ್ಲಿ. ನಡುವೆ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ.

ಮೊದಲ_ಶೋ:
ಕಾನೂನಿನ ಪುಸ್ತಕದಲ್ಲಿ ಇತ್ತು ಅಂದ ಮಾತ್ರಕ್ಕೆ ಕೋರ್ಟಿನಲ್ಲಿ ನಡೆಯುತ್ತಿತ್ತು ಅಂತಾಗುತ್ತಾ? ನಮ್ಮ ಪುಸ್ತಕದಲ್ಲಿ ಏನೇನೋ ಇದೆ. ರಸ್ತೆಯಲ್ಲಿ ಉಗುಳಬಾರದು ಅಂತಲೂ ಇದೆ.

ಕಪ್ಪುಕೋಟು:
ಇನ್ನೂ ಕೇಳಿ. ಪಾರ್ಸಿ ಮದುವೆಯ ವ್ಯಾಜ್ಯಗಳಿಗೆ 1936ರ ಕಾಯ್ದೆ ಇದೆ. ಅಲ್ಲಿ ನ್ಯಾಯಾಧೀಶರ ಜೊತೆ ಸಮುದಾಯದ ‘ಡೆಲಿಗೇಟ್’ಗಳು ಕೂರುತ್ತಾರೆ. ಜ್ಯೂರಿಯಂಥದ್ದೇ ವ್ಯವಸ್ಥೆ. ನಾನಾವತಿ ಕೇಸ್ ಮುಗಿದ ಮೇಲೂ ಉಳಿಯಿತು.

ಮೊದಲ_ಶೋ:
ಅದು ಕೊಲೆ ಕೇಸಾ? ಮದುವೆ ಕೇಸು!

ಕೊಡೆ_ಮರೆತವ:
ಎರಡಕ್ಕೂ ಏನು ವ್ಯತ್ಯಾಸ ಅಂತ ರೆಬೆಕ್ಕಾಳನ್ನು ಕೇಳಬೇಕು.

ಸಂಪಿಗೆಮರ:
ದಯವಿಟ್ಟು ಕಾದಂಬರಿಗೆ ಬನ್ನಿ. ಜ್ಯೂರಿ ಇತ್ತೋ ಇಲ್ಲವೋ, ನಾನು ಕೇಳಿದ್ದು ಲೇಖಕಿ ನಮ್ಮನ್ನು ಕೊಲೆಗಾರನ ಪಕ್ಕ ಹೇಗೆ ಕೂರಿಸಿದಳು ಅಂತ. ನನಗೆ ಅನ್ನಿಸುವುದು, ಅವಳು ನಮಗೆ ಮೊದಲ ಅರ್ಧದಲ್ಲಿ ಬರೀ ಹೊಟ್ಟೆಕಿಚ್ಚು ತಿನ್ನಿಸುತ್ತಾಳೆ. ರೆಬೆಕ್ಕಾಳ ಕೈಬರಹ, ರೆಬೆಕ್ಕಾಳ ಕೋಣೆ, ರೆಬೆಕ್ಕಾಳ ಕೋಟಿನ ಜೇಬಿನ ಕರವಸ್ತ್ರ. ಅಷ್ಟು ಹೊತ್ತು ಹುಡುಗಿಯ ಜೊತೆ ಉರಿದ ಮೇಲೆ ರೆಬೆಕ್ಕಾ ಸತ್ತ ರೀತಿ ಕೇಳಿದಾಗ ನಮಗೂ ಸಮಾಧಾನ ಆಗಿಬಿಡುತ್ತದೆ. ಡು ಮೊರಿಯೆ ಕೂಡ ಇದನ್ನು ಪ್ರೇಮಕಥೆ ಅಂದರೆ ಒಪ್ಪುತ್ತಿರಲಿಲ್ಲ, ಹೊಟ್ಟೆಕಿಚ್ಚಿನ ಕಥೆ ಅನ್ನುತ್ತಿದ್ದಳು. ಗಂಡನಿಗೆ ಹಿಂದೆ ನಿಶ್ಚಯವಾಗಿದ್ದ ಹುಡುಗಿಯ ಬಗ್ಗೆ ಅವಳಿಗೇ ಒಳಗೊಳಗೆ ಕಿಚ್ಚಿತ್ತು. ಗಂಡ ಸೈನ್ಯದಲ್ಲಿದ್ದರು. ಅವರ ಕೆಲಸಕ್ಕಾಗಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದಾಗ ಇದನ್ನು ಬರೆಯಲು ಶುರು ಮಾಡಿದಳು.

ಕೊಂಕಣ_ರೈಲು:
‘ಲೇಖಕಿ’ ಅಂತ ಹೊಗಳುವ ಮುಂಚೆ ಇದು ತಿಳಿದಿರಲಿ. ಬ್ರೆಜಿಲ್‌ನ ಕರೋಲಿನಾ ನಬುಕೊ 1934ರಲ್ಲೇ ಎರಡನೇ ಹೆಂಡತಿ, ಸತ್ತ ಮೊದಲ ಹೆಂಡತಿಯ ನೆರಳು ಅಂತ ಇಂಥದ್ದೇ ಕಾದಂಬರಿ ಬರೆದಿದ್ದರು. ಕದ್ದ ಮಾಲು.

ಸಂಪಿಗೆಮರ:
ಕದ್ದಿದ್ದು ಅಂತ ಯಾವ ಕೋರ್ಟು ಹೇಳಿದೆ? ಅಮೆರಿಕದಲ್ಲಿ ಬೇರೆ ಪುಸ್ತಕದವರು ಹಾಕಿದ್ದ ಕೇಸೂ ವಜಾ ಆಯಿತು. ಎರಡನೇ ಹೆಂಡತಿಯ ಸಂಕಟಕ್ಕೆ ಯಾರಾದರೂ ಪೇಟೆಂಟ್ ತೆಗೆದುಕೊಂಡಿದ್ದಾರಾ?

ಮೊದಲ_ಶೋ:
‘ಯಾವ ಕೋರ್ಟು ಹೇಳಿದೆ’. ನೋಡಿ, ಕಾದಂಬರಿಗೆ ಬನ್ನಿ ಅಂದವರೂ ಕೋರ್ಟಿಗೇ ಬಂದರು. ಸರಿ, ವಕೀಲರೇ, ನಾನಾವತಿಯನ್ನು ಜ್ಯೂರಿ ಬಿಟ್ಟಿತು ಅನ್ನುವುದಾದರೂ ನಿಜ ತಾನೇ? 8 ಜನ ಅವನ ಪರ, ಒಬ್ಬ ಮಾತ್ರ ವಿರುದ್ಧ.

ಕಪ್ಪುಕೋಟು:
ನಿಮ್ಮ ಕಥೆ ಇಂಟರ್‌ವಲ್‌ಗೇ ನಿಲ್ಲುತ್ತದಲ್ಲ. ಆ ತೀರ್ಮಾನವನ್ನು ಸೆಷನ್ಸ್ ನ್ಯಾಯಾಧೀಶರೇ ಒಪ್ಪಲಿಲ್ಲ, ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಕೊಟ್ಟಿತು. 1961ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾರಣ ಗಮನವಿಟ್ಟು ಓದಿ. ಹೆಂಡತಿ ವಿಷಯ ಹೇಳಿದ ಮೇಲೆ ಅವನು ಹೆಂಡತಿ ಮಕ್ಕಳನ್ನು ಸಿನಿಮಾಗೆ ಬಿಟ್ಟ. ಹಡಗಿಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರ್ ಪಡೆದ. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವನು ಗುಂಡು ಹೊಡೆದಿದ್ದು 4 ಗಂಟೆ 20 ನಿಮಿಷಕ್ಕೆ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕು ಅಂದಿತು ಕೋರ್ಟು. ಈಗ ಮ್ಯಾಕ್ಸಿಮ್‌ಗೆ ಅದೇ ಅಳತೆ ಹಿಡಿಯಿರಿ. ಬಂದೂಕು ಹಿಡಿದು ಮನೆಯಿಂದ ದಡದವರೆಗೆ ನಡೆದುಕೊಂಡು ಹೋದ.

ಮೊದಲ_ಶೋ:
ದಡ ಅಲ್ಲೇ ತೋಟದ ಆಚೆ ಇದೆ ಸ್ವಾಮಿ. ಮೂರು ಗಂಟೆ ದಾರಿಯಲ್ಲ. ನಿಮ್ಮ ಅಳತೆಯಲ್ಲೇ ಮ್ಯಾಕ್ಸಿಮ್ ಪಾಸ್. ಮತ್ತೆ ನಾನಾವತಿಗೆ 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟಿದ್ದನ್ನು ಯಾಕೆ ಬಿಟ್ಟಿರಿ? ‘ಬ್ಲಿಟ್ಜ್’ ಪತ್ರಿಕೆ ಅವನ ಪರ ಎಷ್ಟು ಬರೆಯಿತು, ಜನ ಹೇಗೆ ಅವನ ಹಿಂದೆ ನಿಂತರು. ಅದೇ ಕೇಸಿನ ಮೇಲೆ ತೆಗೆದ ಸಿನಿಮಾ ‘ರುಸ್ತುಂ’ನಲ್ಲಿ ಅಕ್ಷಯ್ ಕುಮಾರ್ ಹೊರಗೆ ಬರುವಾಗ ನಾನಿದ್ದ ಥಿಯೇಟರಿನಲ್ಲಿ ಶಿಳ್ಳೆ.

ಕಪ್ಪುಕೋಟು:
ಕ್ಷಮಾದಾನ ಸಿಗುವುದು ತಪ್ಪಿತಸ್ಥನಿಗೆ. ನಿರಪರಾಧಿಗೆ ಯಾರೂ ಕ್ಷಮೆ ಕೊಡುವುದಿಲ್ಲ. ಇನ್ನು ಥಿಯೇಟರಿನ ಶಿಳ್ಳೆಯನ್ನು ಪುರಾವೆ ಅಂತ ಇಟ್ಟರೆ ನಾನು ಏನು ಹೇಳಲಿ.

ಮೊದಲ_ಶೋ:
ಏನೂ ಹೇಳಬೇಡಿ. ಕೋಟು ಹಾಕಿಕೊಂಡವರಿಗೆ ಮಾತ್ರ ಬಾಯಿ ಇದೆ ಅಂದುಕೊಂಡಿದ್ದೀರಿ. ನಾನು ಪುಸ್ತಕದ ಬಗ್ಗೆ ಮಾತಾಡಲು ಬಂದಿದ್ದು, ಪರೀಕ್ಷೆ ಬರೆಯಲು ಅಲ್ಲ.

ಕಪ್ಪುಕೋಟು:
ಪುಸ್ತಕದ ಬಗ್ಗೆ ನೀವು ಇಲ್ಲಿಯವರೆಗೆ ಹೇಳಿದ್ದೆಲ್ಲ ಸಿನಿಮಾ.

ರಾತ್ರಿ_ಬಸ್ಸು:
‘ಮ್ಯಾಕ್ಸಿಮ್ ಪಾಸ್’. ನಾನು ಮೊದಲಿಂದ ಹೇಳುತ್ತಿರುವುದು ಅದೇ.

ತಾಳೆಗರಿ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಒಬ್ಬರೂ ಒಂದು ವಿಷಯ ಎತ್ತಲಿಲ್ಲ. ರೆಬೆಕ್ಕಾ ಕಾಣೆಯಾಗಿ ಸುಮಾರು ಎರಡು ತಿಂಗಳಿಗೆ ಎಜ್‌ಕೂಂಬ್ ಹತ್ತಿರ ಒಂದು ಹೆಂಗಸಿನ ಹೆಣ ದಡಕ್ಕೆ ಬರುತ್ತದೆ. ಮ್ಯಾಕ್ಸಿಮ್ ಹೋಗಿ ‘ಇವಳೇ ನನ್ನ ಹೆಂಡತಿ’ ಅನ್ನುತ್ತಾನೆ. ಅಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವಳನ್ನು ತಂದು ಮನೆತನದ ಸಮಾಧಿಯಲ್ಲಿ ಇಡುತ್ತಾರೆ. ಆ ಹೆಂಗಸು ಯಾರು? ಅವಳ ಮನೆಯವರು ಎಲ್ಲಿ ಹುಡುಕುತ್ತಿದ್ದರು? ಅದು ಪುಸ್ತಕದಲ್ಲೂ ಯಾರಿಗೂ ಬೇಕಿಲ್ಲ, ಮೊದಲ ಓದಿನಲ್ಲಿ ನನಗೂ ಹೊಳೆದಿರಲಿಲ್ಲ. ರೆಬೆಕ್ಕಾ ಕೆಟ್ಟವಳು ಅಂತಲೇ ಇಟ್ಟುಕೊಳ್ಳಿ. ಈ ಹೆಂಗಸು ಮ್ಯಾಕ್ಸಿಮ್‌ಗೆ ಏನು ಮಾಡಿದ್ದಳು?

ಕಪ್ಪುಕೋಟು:
‘ಅಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು’. ಭೇಷ್. ಗೊತ್ತಿದ್ದೂ ಸುಳ್ಳು ಗುರುತು ಹೇಳಿದ. ಪಟ್ಟಿಗೆ ಇನ್ನೊಂದು ಅಪರಾಧ ಸೇರಿಸಿಕೊಳ್ಳಿ.

ರಾತ್ರಿ_ಬಸ್ಸು:
ಆಗ ಅವನಿಗೆ ಮೈ ಹುಷಾರಿರಲಿಲ್ಲ.

ಮೊದಲ_ಶೋ:
ಎಜ್‌ಕೂಂಬ್ ಅಲ್ಲ, ಎಜ್‌ಕೋಂಬ್ ಇರಬೇಕು.

ಮಂಜಿನಹನಿ:
‘ರೆಬೆಕ್ಕಾ ಕೆಟ್ಟವಳು ಅಂತಲೇ ಇಟ್ಟುಕೊಳ್ಳಿ’. ಯಾಕೆ ಇಟ್ಟುಕೊಳ್ಳಬೇಕು? ಅವಳು ಕೆಟ್ಟವಳು ಅಂತ ಹೇಳಿದ್ದು ಯಾರು? ಕೊಂದ ಗಂಡ. ಮದುವೆಯಾದ ಐದೇ ದಿನಕ್ಕೆ ಬೆಟ್ಟದ ಮೇಲೆ ಕೂತು ತನ್ನ ಬದುಕಿನ ಬಗ್ಗೆ ಏನೇನೋ ಹೇಳಿದಳಂತೆ. ಏನು ಹೇಳಿದಳು ಅಂತ ಅವನು ಬಾಯಿ ಬಿಟ್ಟು ಹೇಳುವುದೇ ಇಲ್ಲ. ನಾವು ಮಾತ್ರ ನಂಬಬೇಕು. ಇಡೀ ಊರು ಅವಳನ್ನು ಮೆಚ್ಚುತ್ತಿತ್ತು. ಮ್ಯಾಕ್ಸಿಮ್‌ನ ಅಜ್ಜಿ ಹೊಸ ಸೊಸೆಯ ಮುಂದೆಯೇ ‘ನನ್ನ ರೆಬೆಕ್ಕಾ ಎಲ್ಲಿ’ ಅಂತ ಹಟ ಹಿಡಿಯುತ್ತಾಳೆ. ಮ್ಯಾಂಡರ್ಲಿಯ ತೋಟ, ಪಾರ್ಟಿ, ಹೆಸರು ಎಲ್ಲ ಅವಳು ಕಟ್ಟಿದ್ದು. ಆ ಮರ್ಯಾದೆ ಬೇಕು ಅಂತಲೇ ಅವನು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ.

ರಾತ್ರಿ_ಬಸ್ಸು:
ಅಜ್ಜಿಗೆ ಕಣ್ಣು ಸರಿಯಾಗಿ ಕಾಣದು. ಅವರನ್ನು ಸಾಕ್ಷಿಗೆ ಕರೆಯುತ್ತೀರಾ?

ಸಂಪಿಗೆಮರ:
ಇಲ್ಲ ಮಂಜಿನಹನಿ, ಇಲ್ಲಿ ನಾನು ಒಪ್ಪಲ್ಲ. ಗಂಡನನ್ನು ಬಿಡಿ. ದಡದಲ್ಲಿ ಚಿಪ್ಪು ಹೆಕ್ಕುವ ಬೆನ್ ಅನ್ನುವ ಪಾಪದವನು ಇದ್ದಾನಲ್ಲ, ಅವನು ರೆಬೆಕ್ಕಾಳ ನೆನಪಿಗೇ ನಡುಗುತ್ತಾನೆ. ಹುಚ್ಚಾಸ್ಪತ್ರೆಗೆ ಹಾಕಿಸುತ್ತೇನೆ ಅಂತ ಹೆದರಿಸಿದ್ದಳು. ಅವಳನ್ನು ದೇವರ ಹಾಗೆ ಪೂಜಿಸುವ ಡ್ಯಾನ್ವರ್ಸ್ ಏನು ಹೇಳುತ್ತಾಳೆ? ಹದಿನಾರರಲ್ಲಿ ಕುದುರೆಗೆ ರಕ್ತ ಬರುವ ಹಾಗೆ ಬಾರಿಸಿ ಬಗ್ಗಿಸಿದಳು ಅಂತ. ಅದನ್ನು ಹೆಮ್ಮೆಯಿಂದ ಹೇಳುತ್ತಾಳೆ. ಗಂಡಸರನ್ನೆಲ್ಲ ಆಟಕ್ಕೆ ಇಟ್ಟುಕೊಂಡಿದ್ದಳು, ಹಾಸಿಗೆ ಮೇಲೆ ಕೂತು ನಗುತ್ತಿದ್ದಳು ಅಂತಲೂ ಅವಳೇ ಹೇಳುತ್ತಾಳೆ.

ಮಂಜಿನಹನಿ:
‘ಗಂಡಸರನ್ನೆಲ್ಲ ಆಟಕ್ಕೆ ಇಟ್ಟುಕೊಂಡಿದ್ದಳು’. ಅದಕ್ಕೆ ಗುಂಡು ಹೊಡೆಯಬಹುದಾ? ಫಾವೆಲ್ ಇದಕ್ಕಿಂತ ಪೋಲಿ. ಅವನನ್ನು ಯಾರೂ ಹೊಡೆಯಲಿಲ್ಲ. ಕಾರಿನಲ್ಲಿ ಆರಾಮಾಗಿ ಬಂದು ಹೋಗುತ್ತಾನೆ.

ಸಂಪಿಗೆಮರ:
ಗುಂಡು ಹೊಡೆಯಬಹುದು ಅಂತ ನಾನು ಎಲ್ಲಿ ಹೇಳಿದೆ?

ಕೊಡೆ_ಮರೆತವ:
ಕುದುರೆಯ ಹೇಳಿಕೆ ಯಾರೂ ತೆಗೆದುಕೊಂಡಿಲ್ಲ. ತನಿಖೆಯಲ್ಲಿ ಲೋಪ.

ತಾಳೆಗರಿ:
ಕೋರ್ಟಿನ ಮಾತೇ ಆಗಬೇಕು ಅಂದರೆ ಜೇಮ್ಸ್ ಟ್ಯಾಬ್‌ನನ್ನು ನೋಡಿ. ದೋಣಿ ರಿಪೇರಿ ಮಾಡುವವನು. ದೊಡ್ಡ ಮನೆಯವರೆಲ್ಲ ‘ಅಪಘಾತ’ ಅಂತ ಬೇಗ ಮುಗಿಸಿ ಊಟಕ್ಕೆ ಏಳಲು ತಯಾರಾಗಿದ್ದಾಗ ಎದ್ದು ನಿಂತವನು ಇವನೊಬ್ಬ. ನಾನು ಸರಿಮಾಡಿ ಕೊಟ್ಟ ದೋಣಿ ತಾನಾಗಿ ಮುಳುಗುವುದಿಲ್ಲ, ಈ ತೂತು ಒಳಗಿನಿಂದ ಹೊಡೆದದ್ದು, ಸಮುದ್ರದ ನೀರು ಒಳಗೆ ಬಿಡುವ ಕವಾಟಗಳನ್ನೂ ಯಾರೋ ತೆರೆದಿದ್ದಾರೆ ಅಂದ. ಅವನಿಗೆ ಉಳಿಯಬೇಕಾಗಿದ್ದು ತನ್ನ ಕಸುಬಿನ ಹೆಸರು. ಅದರ ಮುಂದೆ ಡಿ ವಿಂಟರ್ ಮನೆತನ ಅಂತ ಅವನು ನೋಡಲಿಲ್ಲ. ಆ ಕಡೆ ಮ್ಯಾಜಿಸ್ಟ್ರೇಟ್ ಕರ್ನಲ್ ಜೂಲಿಯನ್ ಮ್ಯಾಂಡರ್ಲಿಯಲ್ಲಿ ಊಟ ಮಾಡುವ ನೆಂಟಸ್ತಿಕೆಯವರು. ಕೊನೆಗೆ ಅವರಿಗೆ ವಿಷಯ ಹೊಳೆದಿರಬೇಕು ಅಂತ ಮ್ಯಾಕ್ಸಿಮ್‌ಗೇ ಅನ್ನಿಸುತ್ತದೆ. ಆದರೂ ಕ್ಯಾನ್ಸರ್ ವಿಷಯ ಊರಿಗೆ ತಿಳಿಯುವಂತೆ ಮಾಡಿ ಗುಸುಗುಸು ನಿಲ್ಲಿಸುತ್ತೇನೆ ಅನ್ನುತ್ತಾರೆ.

ಕಪ್ಪುಕೋಟು:
ಮ್ಯಾಜಿಸ್ಟ್ರೇಟರ ಬಗ್ಗೆ ‘ಹೊಳೆದಿರಬೇಕು’ ಅಂತ ಆರೋಪ ಮಾಡಬೇಡಿ. ಪುಸ್ತಕ ಅದನ್ನು ಖಚಿತವಾಗಿ ಹೇಳುವುದಿಲ್ಲ.

ತಾಳೆಗರಿ:
ಟ್ಯಾಬ್ ಬಗ್ಗೆ ಏನೂ ಇಲ್ವಾ?

ಕಪ್ಪುಕೋಟು:
ರಾತ್ರಿ_ಬಸ್ಸು ಅವರು ‘ಕೆರಳಿಸಿದಳು’ ಅಂದಿದ್ದಕ್ಕೆ ಉತ್ತರ ಬಾಕಿ ಇತ್ತು. 1946ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್, ಹೋಮ್ಸ್ ಎಂಬಾತನ ಕೇಸಿನಲ್ಲಿ ಹೇಳಿತು: ಹೆಂಡತಿ ತನಗೆ ಬೇರೆ ಸಂಬಂಧ ಇದೆ ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡರೆ, ಅದು ಕೊಲೆಯ ಆರೋಪವನ್ನು ಇಳಿಸುವಷ್ಟು ದೊಡ್ಡ ಪ್ರಚೋದನೆ ಅಲ್ಲ. ಮಾತಿಗೆ ಬೆಲೆ ಕೊಟ್ಟಿದ್ದು 1957ರ ಕಾಯ್ದೆ. ರೆಬೆಕ್ಕಾ ಮಾಡಿದ್ದು ಬರೀ ಮಾತು. ಕೈ ಎತ್ತಿದ್ದಾಳಾ? ಇಲ್ಲ.

ಮೊದಲ_ಶೋ:
1938ರ ಪುಸ್ತಕಕ್ಕೆ 1946ರ ತೀರ್ಪು! ಮ್ಯಾಕ್ಸಿಮ್ ಎಂಟು ವರ್ಷ ಮುಂಚೆಯೇ ಅದನ್ನು ಓದಿಕೊಂಡು ಬಂದೂಕು ಕೆಳಗಿಡಬೇಕಿತ್ತು ಅಂತೀರಾ? ನಾನು ‘ರುಸ್ತುಂ’ ಅಂದರೆ ನಗುತ್ತೀರಿ.

ಕಪ್ಪುಕೋಟು:
ಅಲ್ಲಿಯವರೆಗೆ ಇದ್ದ ಕಾನೂನು ಏನು ಅಂತ ಆ ತೀರ್ಪು ಬಿಡಿಸಿ ಹೇಳಿತು. ಹೊಸದಾಗಿ ಹುಟ್ಟಿಸಲಿಲ್ಲ.

ಮೊದಲ_ಶೋ:
ಎಂಟು ವರ್ಷ.

ಅರ್ಧ_ಓದಿದವ:
ಪಾರ್ಟಿಯ ಅಧ್ಯಾಯ ಮುಗಿಯಿತು. ಗೋಡೆಯ ಚಿತ್ರದ ಉಡುಪು ಹೊಲಿಸಿಕೋ ಅಂತ ಡ್ಯಾನ್ವರ್ಸ್ ಪುಸಲಾಯಿಸಿದ್ದು, ಅದೇ ಉಡುಪನ್ನು ಹಿಂದೆ ರೆಬೆಕ್ಕಾ ತೊಟ್ಟಿದ್ದಳು ಅನ್ನುವುದು. ಅಯ್ಯೋ, ಆ ಹುಡುಗಿ ಮೆಟ್ಟಿಲು ಇಳಿಯುವಾಗ ನನಗೇ ಓಡಿಹೋಗುವ ಹಾಗಾಯಿತು. ಕೊಲೆ ಗೊತ್ತಿದ್ದೂ ಮ್ಯಾಕ್ಸಿಮ್ ಮೇಲೆ ಸಿಟ್ಟು ಬರುತ್ತಿಲ್ಲ. ಹೆಂಡತಿ ಮುಖ ನೋಡಿ ಅವನು ಬೆಳ್ಳಗಾಗಿದ್ದು ಪ್ರೀತಿಗೋ ಭಯಕ್ಕೋ ಅಂತ ಈಗ ಬೇರೆಯೇ ಕುತೂಹಲ.

ಸಂಪಿಗೆಮರ:
ಹಾಗಾದರೆ ಗುಟ್ಟು ತಿಳಿದು ಓದಿದ್ದು ಒಳ್ಳೆಯದೇ ಆಯಿತಲ್ಲ!

ಅರ್ಧ_ಓದಿದವ:
ಅದನ್ನು ನೀವು ತೀರ್ಮಾನಿಸಬಾರದಿತ್ತು.

ಮಂಜಿನಹನಿ:
ಅವಳನ್ನೂ ನಿರಪರಾಧಿ ಅನ್ನಬೇಡಿ. ಎರಡನೇ ಹೆಂಡತಿಗೆ ಎಲ್ಲ ಗೊತ್ತು. ವಿಚಾರಣೆಗೆ ಗಂಡನ ಜೊತೆ ಹೋಗಿ ಕೂರುತ್ತಾಳೆ, ಒಂದು ಮಾತು ಆಡುವುದಿಲ್ಲ. ಇವಳೂ ಪಾಲುದಾರಳೇ. ವಕೀಲರು ಹೇಳಲಿ.

ಕಪ್ಪುಕೋಟು:
ಇಲ್ಲ, ಇದು ನಿಲ್ಲಲ್ಲ. ನಮ್ಮ ಹಳೇ ದಂಡ ಸಂಹಿತೆಯ 212ನೇ ಕಲಮಿನಲ್ಲಿ ಅಪರಾಧಿಗೆ ಆಶ್ರಯ ಕೊಡುವುದು ತಪ್ಪು, ಆದರೆ ಗಂಡ ಹೆಂಡತಿಗೆ ವಿನಾಯಿತಿ ಇತ್ತು. ಹಳೇ ಸಾಕ್ಷ್ಯ ಕಾಯ್ದೆಯ 122ನೇ ಕಲಮಿನ ಪ್ರಕಾರ, ಮದುವೆಯಲ್ಲಿರುವಾಗ ಗಂಡ ಹೆಂಡತಿಗೆ ಹೇಳಿದ ಮಾತನ್ನು ಬಯಲು ಮಾಡು ಅಂತ ಅವಳನ್ನು ಒತ್ತಾಯಿಸುವಂತಿಲ್ಲ. ಅವನ ಒಪ್ಪಿಗೆ ಇಲ್ಲದೆ ಅವಳಾಗಿ ಹೇಳಲೂ ಸಾಮಾನ್ಯವಾಗಿ ಬಿಡುವುದಿಲ್ಲ. ಆ ಹುಡುಗಿಯನ್ನು ಬಿಡಿ.

ಮಂಜಿನಹನಿ:
ಹೆಂಡತಿಯನ್ನು ಕೊಂದವನನ್ನು ಇನ್ನೊಬ್ಬ ಹೆಂಡತಿ ಕಾಪಾಡಲಿ ಅಂತ ಕಾನೂನೇ ಹೇಳುತ್ತದೆ. ಬಹಳ ಚೆನ್ನಾಗಿದೆ.

ರಾತ್ರಿ_ಬಸ್ಸು:
ಎಲ್ಲರೂ ಮ್ಯಾಕ್ಸಿಮ್ ಹಿಂದೆ ಬಿದ್ದಿದ್ದೀರಿ. ಇಡೀ ಬಂಗಲೆಗೆ ಬೆಂಕಿ ಇಟ್ಟ ಡ್ಯಾನ್ವರ್ಸ್‌ಗೆ ಒಬ್ಬರೂ ಏನೂ ಅನ್ನಲಿಲ್ಲ.

ಕಪ್ಪುಕೋಟು:
ಅವಳೇ ಇಟ್ಟಳು ಅನ್ನುವುದಕ್ಕೆ ಏನು ಪುರಾವೆ?

ಮೊದಲ_ಶೋ:
ಕಣ್ಣಾರೆ ನೋಡಿದ್ದೇವೆ. ಹಿಚ್‌ಕಾಕ್ ಸಿನಿಮಾದಲ್ಲಿ ಉರಿಯುವ ಕೋಣೆಯೊಳಗೆ ಡ್ಯಾನ್ವರ್ಸ್ ಪಾತ್ರದ ಜೂಡಿತ್ ಆಂಡರ್ಸನ್ ನಿಂತಿದ್ದಾಳೆ.

ಕಪ್ಪುಕೋಟು:
ಸಿನಿಮಾ ಬಿಡಿ. ಪುಸ್ತಕದಲ್ಲಿ ಇರುವುದು ಇಷ್ಟು: ಅವಳಿಗೆ ದೂರದಿಂದ ಒಂದು ಫೋನ್ ಬಂತು, ಸಾಮಾನು ಕಟ್ಟಿಕೊಂಡು ಎಲ್ಲಿಗೋ ಹೊರಟುಹೋದಳು. ರಾತ್ರಿ ಆಕಾಶ ಕೆಂಪಾಯಿತು. ಬೆಂಕಿ ಇಟ್ಟಿದ್ದನ್ನು ನೋಡಿದವರು ಯಾರೂ ಇಲ್ಲ. ಸಂಶಯದ ಲಾಭ ಅವಳಿಗೆ.

ರಾತ್ರಿ_ಬಸ್ಸು:
ಓಹೋ! ಡ್ಯಾನ್ವರ್ಸ್‌ಗೆ ಸಂಶಯದ ಲಾಭ, ಮ್ಯಾಕ್ಸಿಮ್‌ಗೆ ನೇಣು. ಇದ್ಯಾವ ಊರಿನ ನ್ಯಾಯ ಸರ್?

ಕಪ್ಪುಕೋಟು:
ಮ್ಯಾಕ್ಸಿಮ್ ಬಾಯಿ ಬಿಟ್ಟು ಒಪ್ಪಿಕೊಂಡಿದ್ದಾನೆ.

ರಾತ್ರಿ_ಬಸ್ಸು:
ಯಾರ ಹತ್ತಿರ ಒಪ್ಪಿಕೊಂಡಿದ್ದಾನೆ? ಹೆಂಡತಿ ಹತ್ತಿರ. ಗಂಡ ಹೆಂಡತಿಗೆ ಹೇಳಿದ ಮಾತು ಕೋರ್ಟಿಗೆ ಬರುವಂತಿಲ್ಲ ಅಂತ ಈಗ ತಾನೇ ನೀವೇ ಕಲಮಿನ ನಂಬರ್ ಸಮೇತ ಬರೆದಿರಿ. ಹೆಣದಲ್ಲಿ ಗುಂಡಿನ ಗುರುತೂ ಸಿಗಲಿಲ್ಲ. ಈಗ ಅವನ ಮೇಲೆ ನಿಮ್ಮ ಹತ್ತಿರ ಏನಿದೆ?

ಕೊಡೆ_ಮರೆತವ:
ಅಕ್ಕನಿಗೆ ಒಂದು ಕೋಟು ಹೊಲಿಸಿ.

ಕಪ್ಪುಕೋಟು:
ನಾನು ಹೇಳಿದ್ದು ಭಾರತದ ಕಾಯ್ದೆ. ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ.

ಮೊದಲ_ಶೋ:
ಹಾಗಾದರೆ ಇಷ್ಟು ಹೊತ್ತು ನಾನಾವತಿ ಕೇಸನ್ನು ಯಾಕೆ ಎಳೆದಾಡಿದಿರಿ?

ಕಪ್ಪುಕೋಟು:
ಅದನ್ನು ಇಲ್ಲಿಗೆ ತಂದವರು ನೀವು. ಮೇಲೆ ಹೋಗಿ ಓದಿ.